ಅಂಕ ಒಂದೇ, ಪತ್ರ ಬೇರೆ: ಅಮೆರಿಕದ ಕಾಲೇಜು ಸೀಟಿನಲ್ಲಿ ಖಾಸಗಿ ಶಾಲೆಯ ಪಾಲೆಷ್ಟು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಊಟದ ಮೇಜಿನ ಮೇಲೆ, ಸ್ವಲ್ಪ ಸೊಟ್ಟಗಿದ್ದ ಉಪ್ಪಿನಕಾಯಿ ಭರಣಿಯ ಪಕ್ಕ, ನಾಲ್ಕು ಪುಟದ ಒಂದು ಫಾರಂ ಬಿದ್ದಿತ್ತು. ಹನ್ನೊಂದನೇ ತರಗತಿಯಲ್ಲಿ ಓದುವ ಮಗಳ ಸರ್ಕಾರಿ ಶಾಲೆಯಿಂದ ಬಂದದ್ದು. ಅಲ್ಲಿನವರು ಇದಕ್ಕೆ ಬ್ರ್ಯಾಗ್ ಶೀಟ್ ಅನ್ನುತ್ತಾರೆ. ಜಂಬದ ಹಾಳೆ ಅಂದುಕೊಳ್ಳಿ. ಮಗುವಿನ ಬಗ್ಗೆ ತಂದೆ ತಾಯಿಯೇ ಹೊಗಳಿ ಬರೆದುಕೊಡಬೇಕು. ಅದನ್ನು ನೋಡಿಕೊಂಡು ಶಾಲೆಯ ಕೌನ್ಸೆಲರ್ ಕಾಲೇಜುಗಳಿಗೆ ಶಿಫಾರಸು ಪತ್ರ ಬರೆಯುತ್ತಾರೆ.

ಮೊದಲ ಪ್ರಶ್ನೆ, ನಿಮ್ಮ ಮಗುವನ್ನು ಮೂರು ಪದಗಳಲ್ಲಿ ವರ್ಣಿಸಿ. ಭಾವ ಯೋಚಿಸದೇ ಬರೆದಿದ್ದರು: ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಒಬೀಡಿಯಂಟ್. ಮಗಳು ಓದಿ ಕಿರುಚಿದಳು. “ಅಪ್ಪಾ, ಒಬೀಡಿಯಂಟ್ ಅಂತೆಲ್ಲ ಬರೀಬೇಡಿ ಪ್ಲೀಸ್. ನಾಯಿಗೆ ಹೇಳೋ ಮಾತು ಅದು!” ಪಾಪ, ಭಾವನಿಗೆ ಏನು ತಪ್ಪಾಯಿತೆಂದೇ ತಿಳಿಯಲಿಲ್ಲ. ನಮ್ಮೂರಿನ ಟಿಸಿಯಲ್ಲಿ ಹೆಡ್‌ಮಾಸ್ಟರು ‘ಗುಣನಡತೆ: ಉತ್ತಮ’ ಎಂದು ಬರೆದು ಸೀಲು ಒತ್ತಿದರೆ ಮುಗಿಯಿತು. ಅದನ್ನು ಆಮೇಲೆ ಯಾರೂ ಓದುವುದಿಲ್ಲ. ಇಲ್ಲಿ ಆ ಸಾಲಿನ ಮೇಲೆಯೇ ಸೀಟು ನಿಂತಿರುತ್ತದೆ.

ಫಾರಂ ಪಕ್ಕಕ್ಕೆ ಸರಿಸಿ ಭಾವ ಕೇಳಿದರು: “ಒಂಬತ್ತನೇ ಕ್ಲಾಸಿಗೇ ಪ್ರೈವೇಟ್ ಸ್ಕೂಲಿಗೆ ಹಾಕಿದ್ರೆ ಈ ಪಾಡು ಇರ್ತಿರ್ಲಿಲ್ಲ ಅಲ್ವೇನೋ?” ಬೇ ಏರಿಯಾದಿಂದ ನ್ಯೂಜೆರ್ಸಿವರೆಗೆ ಕನ್ನಡ ಕೂಟದ ಯಾವ ಯುಗಾದಿ ಊಟದಲ್ಲಿ ಕೂತರೂ ಬಿಸಿಬೇಳೆ ಬಾತು ಆರುವುದರೊಳಗೆ ಈ ಪ್ರಶ್ನೆ ಬಂದಿರುತ್ತದೆ.

ಭಾವನ ಲೆಕ್ಕ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅವರು ಹಾಸನದಲ್ಲಿ ಪಿಯುಸಿ ಓದಿ ಸಿಇಟಿ ಬರೆದು ಬಂದವರು. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಈಗಲೂ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಖಾಸಗಿ ಪಿಯು ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟಿದರೂ ಆ ದುಡ್ಡು ಕೊನೆಗೆ ಅಂಕವಾಗಿಯೇ ಹೊರಗೆ ಬರಬೇಕು. ಕೋಚಿಂಗು, ಟೆಸ್ಟ್ ಸೀರೀಸು, ಬೆಳಗಿನ ಐದು ಗಂಟೆಯ ಸ್ಟಡಿ ಅವರ್, ಎಲ್ಲ ಅದಕ್ಕೇ. ಸೀಟು ಹಂಚುವಾಗ ನೀನು ಓದಿದ ಕಾಲೇಜು ಯಾವುದು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಖಾಸಗಿ ಶಾಲೆ ಅಂದರೆ ಹೆಚ್ಚು ಅಂಕ ಕೊಡಿಸುವ ಶಾಲೆ ಎಂಬುದು ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ಆಯ್ದ ಕಾಲೇಜುಗಳ ಮಟ್ಟಿಗೆ ಆ ಲೆಕ್ಕ ಬುಡದಲ್ಲೇ ಬೇರೆ.

(ಹೆಸರಿನ ಗೊಂದಲ ಬೇಡ. ನಮ್ಮಲ್ಲಿ ಸರ್ಕಾರದ ‘ಕರ್ನಾಟಕ ಪಬ್ಲಿಕ್ ಶಾಲೆ’ ಬಿಟ್ಟರೆ ‘ಪಬ್ಲಿಕ್ ಸ್ಕೂಲ್’ ಎಂದು ಬೋರ್ಡು ಹಾಕಿಕೊಂಡವೆಲ್ಲ ಹೆಚ್ಚುಕಡಿಮೆ ಖಾಸಗಿಯವು. ಅಮೆರಿಕದಲ್ಲಿ ಪಬ್ಲಿಕ್ ಅಂದರೆ ಸರ್ಕಾರಿಯೇ.)

2023ರ ಜುಲೈಯಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್‌ಮನ್ ಒಂದು ದೊಡ್ಡ ಅಧ್ಯಯನ ಹೊರತಂದರು. ತೆರಿಗೆ ದಾಖಲೆ, ಎಸ್‌ಎಟಿ (ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಅಂಕ, ಕೆಲವು ಕಾಲೇಜುಗಳ ಒಳಗಿನ ಪ್ರವೇಶ ಕಡತ, ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ನೋಡಿದ ಅಧ್ಯಯನ ಅದು. ಅವರು ಗಮನಿಸಿದ್ದು 12 ಕಾಲೇಜುಗಳನ್ನು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಎಂಟು ಐವಿ ಲೀಗ್ ಕಾಲೇಜುಗಳು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್ ಮತ್ತು ಶಿಕಾಗೊ. ಎಸ್‌ಎಟಿಯಲ್ಲಿ ಒಂದೇ ಅಂಕ ಪಡೆದ ಇಬ್ಬರು ಮಕ್ಕಳನ್ನು ತೆಗೆದುಕೊಂಡರೆ, ಆದಾಯದಲ್ಲಿ ಮೇಲಿನ ಶೇ. 1ರ ಕುಟುಂಬದ ಮಗು ಈ ಕಾಲೇಜುಗಳಲ್ಲೊಂದನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಗುವಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಈ ಅಂತರದ ಮೂರನೇ ಎರಡು ಭಾಗ ಹುಟ್ಟುವುದು ಪ್ರವೇಶ ಸಮಿತಿಯ ಕೋಣೆಯಲ್ಲಿ. ಉಳಿದದ್ದು ಯಾರು ಅರ್ಜಿ ಹಾಕುತ್ತಾರೆ, ಸೀಟು ಸಿಕ್ಕ ಮೇಲೆ ಯಾರು ಸೇರುತ್ತಾರೆ ಎಂಬುದರಿಂದ.

ಪ್ರವೇಶ ಕೋಣೆಯ ಆ ಲಾಭಕ್ಕೆ ಅವರು ಮೂರು ಕಾರಣ ಗುರುತಿಸಿದರು. ಒಂದು ಲೆಗಸಿ, ಅಂದರೆ ಅಪ್ಪ ಅಮ್ಮ ಅದೇ ಕಾಲೇಜಿನಲ್ಲಿ ಓದಿದ್ದರೆ ಸಿಗುವ ಮಣೆ. ಇನ್ನೊಂದು ಕ್ರೀಡಾಪಟುಗಳ ನೇಮಕ, ಅಂದರೆ ಕಾಲೇಜು ತಂಡಕ್ಕೆಂದು ಆಟಗಾರರಿಗೆ ಕೊಡುವ ಸೀಟು. ಮೂರನೆಯದು ಓದಿನಾಚೆಯ ರೇಟಿಂಗ್, ಅಂದರೆ ಪಠ್ಯೇತರ ಚಟುವಟಿಕೆ, ವ್ಯಕ್ತಿತ್ವ ನೋಡಿ ಕೊಡುವ ಅಂಕ. ಭಾವನ ಪ್ರಶ್ನೆಗೆ ಉತ್ತರ ಈ ಮೂರನೆಯದರಲ್ಲಿದೆ. ಖಾಸಗಿ ಶಾಲೆಯ ಮಕ್ಕಳಿಗೆ ಪ್ರವೇಶಾಧಿಕಾರಿಗಳು ಓದಿನಾಚೆಯ ಗುಣಗಳಿಗೆ ಎದ್ದುಕಾಣುವಷ್ಟು ಹೆಚ್ಚು ಅಂಕ ಕೊಡುತ್ತಿದ್ದರು. ಚರ್ಚುಗಳು ನಡೆಸದ ಖಾಸಗಿ ಶಾಲೆಯಿಂದ ಬಂದವರಿಗೆ, ಶ್ರೀಮಂತ ಬಡಾವಣೆಯ ಒಳ್ಳೆಯ ಸರ್ಕಾರಿ ಶಾಲೆಯಿಂದ ಅಷ್ಟೇ ಅಂಕ ತಂದವರಿಗಿಂತ, ಪ್ರವೇಶ ಸಿಗುವ ಸಾಧ್ಯತೆ ಸುಮಾರು ಎರಡು ಪಟ್ಟು. ದೊಡ್ಡ ಕಾರಣ ಶಿಕ್ಷಕರ ಮತ್ತು ಕೌನ್ಸೆಲರ್‌ಗಳ ಶಿಫಾರಸು ಪತ್ರ.

ಗಣಿತ ಪಾಠ ಅಲ್ಲಿ ಎರಡು ಪಟ್ಟು ಚೆನ್ನಾಗಿ ಆಗುತ್ತಿದೆ ಎಂದು ಈ ಅಂಕಿ ಹೇಳುತ್ತಿಲ್ಲ. ಎಸ್‌ಎಟಿ ಅಂಕ ಒಂದೇ ಇದ್ದಾಗಲೂ ಈ ವ್ಯತ್ಯಾಸ ಇದೆಯೆಂದರೆ ದೊಡ್ಡ ಫೀಸು ಕಟ್ಟಿದವರಿಗೆ ಸಿಗುತ್ತಿರುವುದು ಬೇರೇನೋ. ತಮ್ಮ ಮಗುವನ್ನು ಹೆಸರು ಹಿಡಿದು ಬಲ್ಲ, ಅದರ ಬಗ್ಗೆ ಚೆನ್ನಾಗಿ ಬರೆಯಬಲ್ಲ ಒಬ್ಬ ದೊಡ್ಡವರು ಸಿಗುತ್ತಾರೆ.

ಆ ಪತ್ರ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಇಂಥ ಆಯ್ದ ಕಾಲೇಜುಗಳಲ್ಲಿ ಬಹುಪಾಲಿಗೆ ಕಾಮನ್ ಆ್ಯಪ್ ಎಂಬ ಒಂದೇ ಆನ್‌ಲೈನ್ ಅರ್ಜಿ. ಅದರಲ್ಲಿ ಶಿಕ್ಷಕರು ತುಂಬುವ ಹಾಳೆಯಲ್ಲಿ ಒಂದು ಕೋಷ್ಟಕ ಇರುತ್ತದೆ. ಪ್ರತಿ ಗುಣದ ಮುಂದೆ ಸಾಧಾರಣ, ಒಳ್ಳೆಯದು, ಬಹಳ ಒಳ್ಳೆಯದು ಎಂದು ಮನೆಗಳು. ಬಲತುದಿಯ ಮನೆ ಹೇಳುವುದು, ‘ನನ್ನ ವೃತ್ತಿಯಲ್ಲಿ ಕಂಡ ಕೆಲವೇ ಅತ್ಯುತ್ತಮರಲ್ಲಿ ಒಬ್ಬರು’ ಎಂದು. ಆ ಮನೆಗೆ ಟಿಕ್ ಹಾಕಲು ಶಿಕ್ಷಕರಿಗೆ ಧೈರ್ಯ ಬೇಕು, ನೆನಪೂ ಬೇಕು. ದಿನಕ್ಕೆ ಐದು ತರಗತಿ, ನೂರೈವತ್ತು ಮಕ್ಕಳನ್ನು ನೋಡುವ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಪತ್ರ ಬರೆಯಲು ಸಿಗುವುದು ಅಕ್ಟೋಬರ್‌ನ ಭಾನುವಾರ ಮಾತ್ರ. ಇಂಥ ಪತ್ರದಲ್ಲಿ ‘ಶ್ರದ್ಧೆಯ ವಿದ್ಯಾರ್ಥಿನಿ, ಎಲ್ಲ ಅಸೈನ್‌ಮೆಂಟ್ ಸಮಯಕ್ಕೆ ಕೊಟ್ಟಿದ್ದಾಳೆ’ ಎಂದಿರುತ್ತದೆ. ಹನ್ನೆರಡು ಮಕ್ಕಳು ದುಂಡು ಮೇಜಿನ ಸುತ್ತ ಕೂತು ಚರ್ಚಿಸುವ ಖಾಸಗಿ ಶಾಲೆಯ ಪತ್ರದಲ್ಲಿ, ಫೆಬ್ರವರಿಯ ಒಂದು ಮಂಗಳವಾರ ಆಕೆ ಎತ್ತಿದ ಪ್ರಶ್ನೆಯಿಂದ ಮೇಷ್ಟ್ರು ತಮ್ಮ ಮುಂದಿನ ವಾರದ ಪಾಠವನ್ನೇ ಬದಲಿಸಬೇಕಾಯಿತು ಎಂದಿರುತ್ತದೆ. ಹುಡುಗಿಯರಿಬ್ಬರೂ ಒಂದೇ ಪ್ರಶ್ನೆ ಕೇಳಿರಬಹುದು. ಒಬ್ಬಳ ಪ್ರಶ್ನೆ ಯಾರದೋ ನೆನಪಿನಲ್ಲಿ ಉಳಿಯಿತು, ಅಷ್ಟೇ.

ಕೌನ್ಸೆಲರ್ ಕಥೆ ಇನ್ನೂ ಕಷ್ಟ. ಒಬ್ಬ ಕೌನ್ಸೆಲರ್‌ಗೆ 250ಕ್ಕಿಂತ ಹೆಚ್ಚು ಮಕ್ಕಳಿರಬಾರದು ಎಂದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘವೇ ಹೇಳುತ್ತದೆ. ದೇಶದ ಸರಾಸರಿ ಮಾತ್ರ 380ರ ಆಸುಪಾಸಿನಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಹೆಚ್ಚು. ಕಾಲೇಜು ಅರ್ಜಿ ಅವರ ಹತ್ತು ಕೆಲಸಗಳಲ್ಲಿ ಒಂದು. ಟೈಮ್‌ಟೇಬಲ್ ಬದಲಾವಣೆ, ಮನೆಯಲ್ಲಿ ಜಗಳವಾಡಿ ಅಳುತ್ತ ಬಂದ ಮಗು, ಫೇಲಾಗುವ ಹಾದಿಯಲ್ಲಿರುವ ಹುಡುಗ, ಎಲ್ಲರೂ ಅದೇ ಬಾಗಿಲ ಮುಂದೆ. ಹಾಗಾಗಿಯೇ ಈ ಜಂಬದ ಹಾಳೆ. ಪತ್ರ ಬರೆಯಬೇಕಾದವರಿಗೆ ಮಗುವಿನ ಪರಿಚಯ ಇಲ್ಲದ್ದರಿಂದ ಪರಿಚಯ ಬರೆದುಕೊಡುವ ಕೆಲಸ ಮನೆಗೆ ಬಂದಿದೆ. ಹೆಸರಾಂತ ಖಾಸಗಿ ಶಾಲೆಗಳಲ್ಲಿ ಕಾಲೇಜು ಪ್ರವೇಶಕ್ಕೆಂದೇ ಬೇರೆ ಕೌನ್ಸೆಲರ್‌ಗಳು. ತಲಾ ಕೆಲವು ಡಜನ್ ಮಕ್ಕಳು. ಅವರಲ್ಲಿ ಎಷ್ಟೋ ಜನ ಹಿಂದೆ ಇದೇ ಕಾಲೇಜುಗಳ ಪ್ರವೇಶ ಕಚೇರಿಗಳಲ್ಲಿ ಕೆಲಸ ಮಾಡಿದವರು. ಆ ಕಡೆಯ ಫೋನ್ ನಂಬರೂ ಗೊತ್ತು, ಫೋನ್ ಎತ್ತುವವರೂ ಗೊತ್ತು.

ಗುಣ ನೋಡಿ ಸೀಟು ಕೊಡುವ ಈ ಪದ್ಧತಿ ಹುಟ್ಟಿದ ಬಗೆಯನ್ನೂ ಇಲ್ಲಿ ಹೇಳಬೇಕು. 1920ರ ದಶಕದವರೆಗೆ ಹಾರ್ವರ್ಡ್ ಪ್ರವೇಶ ಹೆಚ್ಚಾಗಿ ಪರೀಕ್ಷೆಯ ಮೇಲೆಯೇ ನಡೆಯುತ್ತಿತ್ತು. ಬಾಸ್ಟನ್, ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಓದಿದ ಯಹೂದಿ ವಲಸಿಗರ ಮಕ್ಕಳು ಪರೀಕ್ಷೆ ಪಾಸು ಮಾಡಿ ಬರತೊಡಗಿದರು. ಅವರ ಪಾಲು ಶೇ. 20 ದಾಟಿದಾಗ, 1922ರಲ್ಲಿ, ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ನೇರವಾಗಿ ಅವರ ಸಂಖ್ಯೆಗೆ ಮಿತಿ ಹಾಕುವ ಕೋಟಾ ತರೋಣವೆಂದರು. ಗದ್ದಲವಾಯಿತು. ಕೋಟಾ ಬಿದ್ದುಹೋಯಿತು. 1926ರ ಹೊತ್ತಿಗೆ ಅದರ ಜಾಗಕ್ಕೆ ಚಾರಿತ್ರ್ಯ, ವ್ಯಕ್ತಿತ್ವ, ಫೋಟೋ, ಶಾಲೆಯ ಅಭಿಪ್ರಾಯ ಬಂದವು. ಆಯ್ಕೆಯ ಅಧಿಕಾರ ಪರೀಕ್ಷೆಯ ಕೈಯಿಂದ ಕಚೇರಿಯ ಕೈಗೆ ಹೋಯಿತು. ಇವತ್ತಿನ ‘ಸಮಗ್ರ ಮೌಲ್ಯಮಾಪನ’ ಅದರ ಮೊಮ್ಮಗು. ಬಡ ಮಗುವಿನ ಕಷ್ಟ ಕಾಣಲು ಈಗ ಅದೇ ಪದ್ಧತಿ ನೆರವಾಗುತ್ತದೆ ಎಂಬುದೂ ನಿಜ. ಆದರೆ ಹುಟ್ಟುಗುಣ ಒಂದಿಷ್ಟು ಉಳಿದೇ ಇರುತ್ತದೆ.

ನಮ್ಮವರಿಗೆ ಇದು ತಟ್ಟಿದ್ದು, ಏಷ್ಯನ್ ಮೂಲದವರಿಗೆ ಪ್ರವೇಶದಲ್ಲಿ ತಾರತಮ್ಯವಾಗುತ್ತಿದೆ ಎಂದು ಹಾರ್ವರ್ಡ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ. ಓದಿನಲ್ಲಿ ಮುಂದಿದ್ದ ಏಷ್ಯನ್ ಮೂಲದ ಅರ್ಜಿದಾರರಿಗೆ ‘ವೈಯಕ್ತಿಕ ರೇಟಿಂಗ್’ ಎಂಬ ಕಲಮಿನಲ್ಲಿ ಸರಾಸರಿ ಕಡಿಮೆ ಬಿದ್ದಿತ್ತು. ಇದಕ್ಕೆ ಶಾಲೆಗಳಿಂದ ಬರುವ ಶಿಫಾರಸು ಪತ್ರಗಳೂ ಒಂದು ಕಾರಣವಿರಬಹುದು ಎಂದು 2019ರಲ್ಲಿ ಕೆಳಗಿನ ಕೋರ್ಟು ಹೇಳಿತು. ಸುಪ್ರೀಂ ಕೋರ್ಟು 2023ರ ಜೂನ್‌ನಲ್ಲಿ ಜನಾಂಗ ನೋಡಿ ಸೀಟು ಕೊಡುವುದನ್ನು ನಿಲ್ಲಿಸಿತು. ಪತ್ರಗಳು ನಿಲ್ಲಲಿಲ್ಲ. ‘ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಒಬೀಡಿಯಂಟ್’ ನೆನಪಿದೆಯಲ್ಲ? ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕೊಡುವ ಅತಿ ದೊಡ್ಡ ಸರ್ಟಿಫಿಕೇಟು ಅದು. ಅಲ್ಲಿನ ಓದುಗರಿಗೆ ಅದು ‘ಹೇಳಿದ್ದು ಮಾಡುತ್ತಾಳೆ, ಇನ್ನೇನೂ ಇಲ್ಲ’ ಎಂದು ಕೇಳಿಸುತ್ತದೆ.

ಅದೇ ಮೊಕದ್ದಮೆಯ ಕಡತದಿಂದ ಇನ್ನೊಂದು ಅಂಕಿ ಹೊರಬಿತ್ತು. ಹಾರ್ವರ್ಡ್ ಸೇರಿಸಿಕೊಂಡ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿದವರು: ನೇಮಕಗೊಂಡ ಕ್ರೀಡಾಪಟುಗಳು, ಹಳೆ ವಿದ್ಯಾರ್ಥಿಗಳ ಮಕ್ಕಳು, ಸಿಬ್ಬಂದಿಯ ಮಕ್ಕಳು, ದಾನಿಗಳಂಥವರ ಮೇಲೆ ಡೀನ್ ಕಣ್ಣಿಟ್ಟ ಪಟ್ಟಿಯವರು. ಕ್ರೀಡೆ ಅಂದರೆ ಬಾಸ್ಕೆಟ್‌ಬಾಲ್ ಒಂದೇ ಅಲ್ಲ. ಸ್ಕ್ವಾಷ್, ಫೆನ್ಸಿಂಗ್, ದೋಣಿ ಹುಟ್ಟು ಹಾಕುವುದು, ಇವಕ್ಕೂ ಸೀಟುಂಟು. ಯಾವ ಸರ್ಕಾರಿ ಶಾಲೆಯಲ್ಲಿ ಸ್ಕ್ವಾಷ್ ಕೋರ್ಟ್ ಇರುತ್ತದೆ, ಹೇಳಿ? 2019ರಲ್ಲಿ ಸಿಕ್ಕಿಬಿದ್ದ ರಿಕ್ ಸಿಂಗರ್ ಎಂಬಾತ ಕೋಚ್‌ಗಳಿಗೆ ಲಂಚ ಕೊಟ್ಟು ಆಟವೇ ಆಡದವರನ್ನು ಕ್ರೀಡಾಪಟುಗಳೆಂದು ಒಳಗೆ ಬಿಡಿಸಿದ್ದು ಈ ಬಾಗಿಲಿನಿಂದಲೇ.

ಇಲ್ಲಿಂದ ಭಾವನ ಪ್ರಶ್ನೆಗೆ ಬರುತ್ತೇನೆ. ಅಂಕಿಗಳನ್ನು ನೋಡಿ ಆತುರ ಪಡಬಾರದ ಜಾಗ ಇದು. ಅಮೆರಿಕದ ಶಾಲಾ ಮಕ್ಕಳಲ್ಲಿ ಖಾಸಗಿ ಶಾಲೆಯವರು ಸುಮಾರು ಶೇ. 10. ಐವಿ ಕಾಲೇಜುಗಳ ಮೊದಲ ವರ್ಷದ ತರಗತಿಯಲ್ಲಿ ಅವರು ಮೂರನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು. ನೋಡಿದ ಕೂಡಲೇ ‘ಹಾಗಾದರೆ ಖಾಸಗಿಗೆ ಹಾಕಿಬಿಡೋಣ’ ಅನಿಸುತ್ತದೆ. ಆದರೆ ಆ ಮೂರನೇ ಒಂದು ಭಾಗದೊಳಗೆ ಯಾರಿದ್ದಾರೆ? ಹಳೆ ವಿದ್ಯಾರ್ಥಿಗಳ ಮಕ್ಕಳು ಅಲ್ಲೇ ಓದುತ್ತಾರೆ, ದಾನಿಗಳ ಮಕ್ಕಳೂ, ಫೆನ್ಸಿಂಗ್ ಆಡುವವರೂ. ಚೆಟ್ಟಿ ತಂಡದ ಲೆಕ್ಕದಲ್ಲಿ ಪ್ರವೇಶದ ಆ ಲಾಭದ ಹತ್ತಿರ ಹತ್ತಿರ ಅರ್ಧಭಾಗ ಲೆಗಸಿಯದ್ದೇ. ಹಾಸನದಿಂದ ಬಂದ ಎಂಜಿನಿಯರನ ಮಗಳು ಅದೇ ಶಾಲೆಗೆ ಸೇರಿದರೆ ಅವಳಿಗೆ ಅಜ್ಜನ ಹಾರ್ವರ್ಡ್ ಡಿಗ್ರಿ ಬಂದುಬಿಡುವುದಿಲ್ಲ. ಬರುವುದು ಪತ್ರ ಮಾತ್ರ. ಅದೇ ಪತ್ರಕ್ಕಾಗಿ ಅವಳ ಪಕ್ಕದ ಬೆಂಚಿನ ಲೆಗಸಿ ಹುಡುಗನೂ ಕಾಯುತ್ತಿರುತ್ತಾನೆ. ಒಂದೇ ಶಾಲೆಯಿಂದ ಒಂದು ಕಾಲೇಜು ಎಷ್ಟು ಮಕ್ಕಳನ್ನು ತೆಗೆದುಕೊಳ್ಳಬಹುದು ಎಂಬುದಕ್ಕೆ ಬರೆಯದ ಮಿತಿಯೊಂದು ಇದೆ ಎಂದು ಹಲವರು ನಂಬುತ್ತಾರೆ.

ಖಾಸಗಿ ಶಾಲೆ ಎಂದರೆ ಎಲ್ಲವೂ ಇಂಥವೇ ಅಲ್ಲ. ದೇಶದ ಬಹುಪಾಲು ಖಾಸಗಿ ಶಾಲೆಗಳು ಕ್ಯಾಥೊಲಿಕ್ ಅಥವಾ ಬೇರೆ ಧಾರ್ಮಿಕ ಸಂಸ್ಥೆಗಳವು. ಮೇಲೆ ಹೇಳಿದ ಎರಡು ಪಟ್ಟಿನ ಮಾತು ಅವುಗಳದ್ದಲ್ಲ. ನ್ಯೂಯಾರ್ಕಿನ ಅತಿ ಹೆಸರಾಂತ ಶಾಲೆಗಳಲ್ಲಿ ಫೀಸು ವರ್ಷಕ್ಕೆ 60 ಸಾವಿರ ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿ. ಹಾರ್ವರ್ಡ್‌ಗೆ ಅರ್ಜಿ ಹಾಕಿದವರಲ್ಲಿ ಸೀಟು ಸಿಗುವುದು ಸುಮಾರು ಶೇ. 4 ಜನರಿಗೆ. ಎರಡು ಪಟ್ಟಾದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಸಿಗುವುದು ‘ಕ್ಷಮಿಸಿ’ ಎಂಬ ಇಮೇಲೇ.

ನನ್ನ ಅಭಿಪ್ರಾಯ ಇಷ್ಟು: ಶಾಲೆ ಇಷ್ಟವಾಗಿ, ದುಡ್ಡಿದ್ದು ಹಾಕಿದರೆ ಸರಿ. ಐವಿ ಸೀಟಿಗೆ ಮುಂಗಡ ಎಂದು ಹಾಕಿದರೆ ಮಧ್ಯಮ ವರ್ಗದ ವಲಸಿಗ ಕುಟುಂಬಕ್ಕೆ ಅದು ಕೆಟ್ಟ ವ್ಯವಹಾರ. ಈ ಲಾಭವೆಲ್ಲ ಇರುವುದು ಬೆರಳೆಣಿಕೆಯ ಖಾಸಗಿ ಕಾಲೇಜುಗಳಲ್ಲಿ. ಅದೇ ಅಧ್ಯಯನ ರಾಜ್ಯಗಳ ಮುಂಚೂಣಿಯ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನೋಡಿದಾಗ, ಒಂದೇ ಅಂಕದ ಶ್ರೀಮಂತ ಮಗುವಿಗೂ ಮಧ್ಯಮ ವರ್ಗದ ಮಗುವಿಗೂ ಪ್ರವೇಶದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಕ್ಕನ ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿ ಬರ್ಕ್‌ಲಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಸಾಮಾನ್ಯವಾಗಿ ಶಿಫಾರಸು ಪತ್ರ ಕೇಳುವುದೇ ಇಲ್ಲ. ಲೆಗಸಿ ಇಲ್ಲ. ಎಸ್‌ಎಟಿಯನ್ನೂ ನೋಡುವುದಿಲ್ಲ. ಪ್ರತಿ ಹೈಸ್ಕೂಲಿನ ಮೇಲಿನ ಶೇ. 9 ಮಕ್ಕಳಿಗೆ ಒಂಬತ್ತು ಕ್ಯಾಂಪಸ್‌ಗಳಲ್ಲಿ ಎಲ್ಲಾದರೂ ಜಾಗ ಇದ್ದರೆ ಕೊಡುವ ಭರವಸೆ ಇದೆ. ಟೆಕ್ಸಸ್‌ನಲ್ಲಿ 1997ರ ಕಾನೂನು ಶಾಲೆಯ ಮೇಲಿನ ಶೇ. 10 ಮಕ್ಕಳಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಆಸ್ಟಿನ್ ಕ್ಯಾಂಪಸ್ಸಿಗೆ ನೂಕುನುಗ್ಗಲು ಹೆಚ್ಚಿ 2026ರ ಪ್ರವೇಶಕ್ಕೆ ಅದು ಶೇ. 5ಕ್ಕೆ ಇಳಿದಿದೆ. ಇಂಥ ನಿಯಮದಲ್ಲಿ ಪೈಪೋಟಿ ಹೆಚ್ಚಿರುವ ಶಾಲೆಗೆ ಸೇರಿಸುವುದೇ ನಷ್ಟ. ಮೇಲಿನ ಪಟ್ಟಿಗೆ ಬರಲೆಂದು ಕೆಲವು ಕುಟುಂಬಗಳು ಕಡಿಮೆ ಹೆಸರಿನ ಶಾಲೆಯ ಕಡೆಗೆ ಮಕ್ಕಳನ್ನು ಸರಿಸಿದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಸರ್ಕಾರಿ ಶಾಲೆ ಎಂದಾಗ ಇನ್ನೊಂದು ಮರೆ ಇದೆ. ಫ್ರೀಮಾಂಟ್, ಕ್ಯುಪರ್ಟಿನೊದಂಥ ಕಡೆ ಒಳ್ಳೆಯ ಹೈಸ್ಕೂಲಿನ ಗಡಿಯೊಳಗೆ 15 ಲಕ್ಷ ಡಾಲರ್‌ಗೆ ಕಡಿಮೆ ಮನೆ ಸಿಗುವುದು ಕಷ್ಟ. ಶಾಲೆಗೆ ಫೀಸಿಲ್ಲ, ಗೃಹಸಾಲದ ಕಂತಿನಲ್ಲಿ ಫೀಸು ಹೋಗುತ್ತದೆ. ಅಲ್ಲಿ ತರಗತಿಯ ಅರ್ಧಕ್ಕರ್ಧ ಮಕ್ಕಳು ನಮ್ಮಂಥವರ ಮನೆಯವರೇ. ಎಲ್ಲರಿಗೂ ಅದೇ ಹತ್ತು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸು, ಅದೇ ರೊಬಾಟಿಕ್ಸ್ ಕ್ಲಬ್ಬು, ಅದೇ ಭರತನಾಟ್ಯ ಅಥವಾ ಪಿಟೀಲು. ಕೌನ್ಸೆಲರ್‌ಗೆ ಒಬ್ಬಳಿಂದ ಇನ್ನೊಬ್ಬಳನ್ನು ಬೇರೆ ಮಾಡಿ ಬರೆಯುವುದು ಹೇಗೆ?

ನಿಯಮಗಳೂ ನಿಂತಲ್ಲಿ ನಿಂತಿಲ್ಲ. ಕೋವಿಡ್ ಕಾಲದಲ್ಲಿ ಎಸ್‌ಎಟಿ ಬೇಡವೆಂದಿದ್ದ ಎಂಐಟಿ 2022ರಲ್ಲೇ ಅದನ್ನು ವಾಪಸು ತಂದಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ ಹಿಂಬಾಲಿಸಿದವು. ಬಡ ಮಕ್ಕಳು ತಮಗೆ ನೆರವಾಗಬಹುದಾಗಿದ್ದ ಅಂಕವನ್ನೇ ಕಡಿಮೆಯೆಂದು ಹೆದರಿ ಕಳಿಸದೇ ಬಿಡುತ್ತಿದ್ದಾರೆ ಎಂಬುದು ಡಾರ್ಟ್‌ಮತ್ ಕೊಟ್ಟ ಕಾರಣ. ಅಂಕ ಇಲ್ಲದಿದ್ದಾಗ ಪತ್ರದ ತೂಕವೇ ಹೆಚ್ಚಾಗುತ್ತದೆ, ಹಾಗಾಗಿ ಸರ್ಕಾರಿ ಶಾಲೆಯ ಮಗುವಿಗೆ ಪರೀಕ್ಷೆ ಮರಳಿದ್ದು ಒಳ್ಳೆಯದೇ ಎಂದು ನನಗನಿಸುತ್ತದೆ. ಪರೀಕ್ಷೆಯೂ ಟ್ಯೂಷನ್ ದುಡ್ಡಿಗೆ ಬಗ್ಗುತ್ತದೆ, ಒಪ್ಪಿದೆ. ಪತ್ರದಷ್ಟು ಬಗ್ಗುವುದಿಲ್ಲ. ಚೆಟ್ಟಿ ತಂಡ ಕಂಡದ್ದೂ ಇದನ್ನೇ: ಮುಂದಿನ ಜೀವನದ ಸಾಧನೆಯನ್ನು ಎಸ್‌ಎಟಿ ಮತ್ತು ಓದಿನ ರೇಟಿಂಗ್ ಚೆನ್ನಾಗಿ ಮುನ್ಸೂಚಿಸುತ್ತಿದ್ದವು, ಓದಿನಾಚೆಯ ರೇಟಿಂಗ್ ಸೂಚಿಸುತ್ತಿರಲಿಲ್ಲ. ಲೆಗಸಿಯ ಕಡೆ, ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸಿತು. ಸ್ಟ್ಯಾನ್‌ಫರ್ಡ್ ಅದಕ್ಕೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಹಣವನ್ನೇ ಬಿಟ್ಟುಕೊಟ್ಟು ಲೆಗಸಿ ಉಳಿಸಿಕೊಳ್ಳಲು ಹೊರಟಿತು. ಆ ಪದ್ಧತಿ ಅವರಿಗೆಷ್ಟು ಮುಖ್ಯ ಎಂಬುದನ್ನು ಅವರೇ ಹೇಳಿದಂತಾಯಿತು.

ಸೀಟು ಸಿಕ್ಕರೆ ಏನು ಸಿಗುತ್ತದೆ ಎಂಬುದೂ ಭಾವ ಅಂದುಕೊಂಡಷ್ಟು ಸರಳವಿಲ್ಲ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಸರಾಂತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಕಡಿಮೆ ಹೆಸರಿನ ಕಾಲೇಜು ಸೇರಿದವರು ಮುಂದೆ ಹೆಚ್ಚುಕಡಿಮೆ ಹೆಸರಾಂತ ಕಾಲೇಜು ಸೇರಿದವರಷ್ಟೇ ಸಂಪಾದಿಸಿದ್ದರು. ಚೆಟ್ಟಿ ತಂಡದ ಲೆಕ್ಕದಲ್ಲೂ ಸರಾಸರಿ ಸಂಬಳಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ತುತ್ತತುದಿಯ ಶೇ. 1ರ ಆದಾಯಕ್ಕೆ ಏರುವ ಸಾಧ್ಯತೆ ಮಾತ್ರ ಸುಮಾರು ಶೇ. 50 ಹೆಚ್ಚುತ್ತದೆ. ಸೆನೆಟ್, ಸುಪ್ರೀಂ ಕೋರ್ಟ್, ದೊಡ್ಡ ಕಂಪನಿಗಳ ಕುರ್ಚಿಗೆ ದಾರಿ ಇದು. ಒಳ್ಳೆಯ ಕೆಲಸ, ಒಂದು ಮನೆ, ವರ್ಷಕ್ಕೊಮ್ಮೆ ಊರು ಎಂಬ ಬದುಕಿಗೆ ಸ್ಯಾನ್ ಹೋಸೆಯ ಸರ್ಕಾರಿ ಕಾಲೇಜೂ ಕರೆದುಕೊಂಡು ಹೋಗುತ್ತದೆ. ಭಾವ ಅಮೆರಿಕದಲ್ಲಿ ಎಂಎಸ್ ಮಾಡಿದ್ದು ಅಲ್ಲೇ!

ಇಷ್ಟೆಲ್ಲ ಹೇಳಿದ ಮೇಲೂ ಫಾರಂ ಮೇಜಿನ ಮೇಲೆಯೇ ಇತ್ತು. ಎರಡನೇ ಪುಟದ ಪ್ರಶ್ನೆ: ನಿಮ್ಮ ಮಗುವಿನ ಸ್ವಭಾವ ತೋರಿಸುವ ಒಂದು ಘಟನೆ ಬರೆಯಿರಿ. ಅಕ್ಕ ಸಂಕೋಚದಿಂದ, “ಅಂಥದ್ದೇನಿದೆ ಕಣೋ, ಎಲ್ಲಾ ಮಕ್ಕಳ ಥರಾನೇ” ಅಂದಳು. ನಾನು ಭರಣಿ ಯಾಕೆ ಸೊಟ್ಟಗಿದೆ ಅಂತ ಕೇಳಿದೆ. ಹೋದ ವರ್ಷ ಎಪಿ ಕೆಮಿಸ್ಟ್ರಿ ತಗೋ ಅಂತ ಅಪ್ಪ ಹೇಳಿದ್ದಕ್ಕೆ ಹ್ಞೂಂ ಅಂದು, ಹೋಗಿ ಕುಂಬಾರಿಕೆ ಕ್ಲಾಸಿಗೆ ಹೆಸರು ಕೊಟ್ಟು ಬಂದಿದ್ದಳಂತೆ. ಎರಡು ತಿಂಗಳು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಳ ಮೂರು ಸಲ ಭಟ್ಟಿಯಲ್ಲಿ ಬಿರುಕು ಬಿಟ್ಟು ನಾಲ್ಕನೇ ಸಲ ಕೂತಿತು.

ಭಾವ ಪೆನ್ನು ತೆಗೆದುಕೊಂಡು ಮೊದಲ ಪುಟದ ‘ಒಬೀಡಿಯಂಟ್’ ಮೇಲೆ ಗೆರೆ ಎಳೆದರು. ಎರಡನೇ ಪುಟದಲ್ಲಿ ನಿಧಾನವಾಗಿ ಬರೆಯತೊಡಗಿದರು. ಅಕ್ಕ ಒಲೆಯ ಕಡೆಯಿಂದಲೇ ಕೂಗಿದಳು: “ಅದರಲ್ಲಿ ಈಗ ನಿಂಬೆಹಣ್ಣಿನ ಉಪ್ಪಿನಕಾಯಿ ಇದೆ ಅಂತಾನೂ ಬರೀರಿ.”